ಹೊಣೆಯ ಮೇಲೆ ನಿಂತ ಮನೆಗಳು

ಬಡವರಿಗೆ ಮನೆ ಕಟ್ಟಿಕೊಡುವ ಕಾರ್ಯದಲ್ಲಿ ಲಾಭಾಪೇಕ್ಷೆಯಿಲ್ಲದೆ ಆಯುಷ್ಯ ಸವೆಸಿದವರ ಚರಿತ್ರೆಯನ್ನು ಬರೆಯುವವನು ಮನೆಗಳಿಂದಲೇ ಆರಂಭಿಸುವುದು ವಾಡಿಕೆ. ಎಷ್ಟು ಕಟ್ಟಿದರು, ಎಲ್ಲಿ ಕಟ್ಟಿದರು, ಯಾವ ಮಂತ್ರಿಗಳು ಬಂದು ಕೀಲಿಕೈ ಕೊಟ್ಟರು ಎಂಬ ವಿವರಗಳಿಗೆ ಸ್ಮರಣ ಸಂಚಿಕೆಗಳ ಪುಟಗಳು ಸದಾ ತೆರೆದಿರುತ್ತವೆ. ಗದಗ ಸೀಮೆಯ ಮಟ್ಟಿಗೆ ಆ ಕ್ರಮ ಹೊಂದುವುದಿಲ್ಲ. ಇಲ್ಲಿ ಮನೆಗಿಂತ ಮೊದಲು ಸಾಲ ಬಂದಿತು, ಸಾಲಕ್ಕಿಂತ ಮೊದಲು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಧೈರ್ಯ ಬಂದಿತು. ಆ ಧೈರ್ಯವಿದ್ದೆಡೆ ಕಟ್ಟಿದ ಮನೆಗಳಲ್ಲಿ ಜನ ನೆಲೆ ನಿಂತಿದ್ದಾರೆ, ಅದಿಲ್ಲದೆಡೆ ಸರಕಾರವೇ ಮುಂದೆ ನಿಂತು ಕಟ್ಟಿಸಿದ ಮನೆಗಳಿಗೂ ಎಷ್ಟೋ ಕಡೆ ಬೀಗ ಬಿದ್ದಿದೆ. ಆದುದರಿಂದ ಈ ಲೇಖನದಲ್ಲಿ ಮನೆಯ ಮಾತು ಬರುವುದು ತುಸು ತಡವಾದರೆ ವಾಚಕರು ಸಹಿಸಿಕೊಳ್ಳಬೇಕು.

ಮೊದಲು ಈ ಸೀಮೆಯ ನೆಲವನ್ನು ನೋಡೋಣ. ಗದಗಿನ ಹತ್ತಿರದ ಬಿಂಕದಕಟ್ಟಿಯ ಬಳಿ ತಲೆಯೆತ್ತಿದ ಕಪ್ಪತಗುಡ್ಡದ ಸಾಲು ದಕ್ಷಿಣಾಭಿಮುಖವಾಗಿ ಸಾಗಿ ತುಂಗಭದ್ರೆಯ ಸಮೀಪದಲ್ಲಿ ಮುಗಿಯುವ ಸ್ಥಳವೇ ಮುಂಡರಗಿ ತಾಲೂಕಿನ ಸಿಂಗಟಾಲೂರು. ಅಲ್ಲಿಯ ಗುಡ್ಡದ ವೀರಭದ್ರೇಶ್ವರನಿಗೆ ಹೊಳೆಯ ಎರಡೂ ದಂಡೆಯ ಭಕ್ತರು ನಡೆದುಕೊಳ್ಳುತ್ತಾರೆ. ಆದರೆ ಒಂದೇ ದೇವರಿಗೆ ನಡೆದುಕೊಳ್ಳುವ, ತಮ್ಮತಮ್ಮಲ್ಲಿ ಬೀಗತನ ಬೆಳೆಸಿದ ಈ ಜನರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಐದು ಆಡಳಿತಗಳ ಕೈಕೆಳಗೆ ಹಂಚಿಹೋಗಿದ್ದರು: ಗದಗ ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಹೊಳೆಯಾಚೆಯ ಹಡಗಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ಮೂಡಣದ ಕೊಪ್ಪಳ ನಿಜಾಮರ ಸೀಮೆಯಲ್ಲಿ. ಹರದಾರಿ ದೂರದ ಎರಡು ಊರುಗಳಿಗೆ ಎರಡು ಕಾನೂನು, ಎರಡು ಕಚೇರಿ. ಸಂಸ್ಥಾನಗಳು 1948ರಲ್ಲಿ ಮುಂಬಯಿಗೆ ಸೇರಿದವು, ಹಡಗಲಿ 1953ರಲ್ಲಿ ಮೈಸೂರಿಗೆ ಬಂದಿತು, ಉಳಿದೆಲ್ಲವೂ ಒಂದಾದದ್ದು 1956ರಲ್ಲಿ. ಇಲ್ಲಿಯ ಸಾಮುದಾಯಿಕ ಸಂಸ್ಥೆಗಳ ಬೆಳವಣಿಗೆ ಒಂದೆಡೆ ಹುಲುಸಾಗಿಯೂ ಪಕ್ಕದಲ್ಲಿಯೇ ಬರಡಾಗಿಯೂ ಕಾಣುವುದಕ್ಕೆ ಜನರ ಸ್ವಭಾವವನ್ನು ದೂರುವವರು ಈ ಸರಹದ್ದುಗಳನ್ನು ಮೊದಲು ನೆನೆಯಬೇಕು.

ಧಾರವಾಡ ಜಿಲ್ಲೆಯ ಎರೆಯ ಹೊಲಗಳಲ್ಲಿ ಹತ್ತಿ ಬೆಳೆದಷ್ಟೇ ವೇಗವಾಗಿ ಸಾಲವೂ ಬೆಳೆಯಿತು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ದನಕರುಗಳನ್ನು ಕಳೆದುಕೊಂಡ ರೈತನು, 1884ರಲ್ಲಿ ಗದಗಕ್ಕೆ ರೈಲು ಬಂದು ಅರಳೆಯ ಪೇಟೆ ಕಳೆಗಟ್ಟಿದಾಗ, ಆ ಪೇಟೆಯ ಲಾಭದಲ್ಲಿ ಪಾಲುಗಾರನಾಗುವ ಬದಲು ಅದರ ಸಾಲಗಾರನಾದನು. ಇಂತಹ ಸ್ಥಿತಿಯಲ್ಲಿ ಮದರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು ಯುರೋಪಿನ ಪದ್ಧತಿಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ಒಪ್ಪಿಸಿದ ವರದಿಯು, ಜರ್ಮನಿಯಲ್ಲಿ ರೈಫೈಸನ್ ಎಂಬವರು ಹಳ್ಳಿಗರಿಂದಲೇ ನಡೆಸಿ ತೋರಿಸಿದ್ದ ಪತ್ತಿನ ಸಂಘಗಳ ಕಡೆಗೆ ಬೆರಳು ಮಾಡಿತು. ಅದರ ಫಲವಾಗಿ ಕರ್ಜನ್ನರ ಕಾಲದಲ್ಲಿ 1904ರ ಸಹಕಾರ ಪತ್ತಿನ ಸಂಘಗಳ ಕಾನೂನು ಹುಟ್ಟಿತು. ಕಾನೂನು ಹುಟ್ಟಿದ ಮರುವರ್ಷವೇ, 1905ರ ಮೇ 8ರಂದು, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ನೋಂದಣಿಯಾಯಿತು. ಏಷ್ಯಾ ಖಂಡದಲ್ಲಿಯೇ ಇದು ಮೊದಲನೆಯದೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಜಪಾನಿನಲ್ಲಿ 1900ರಲ್ಲಿಯೇ ಸಹಕಾರದ ಕಾನೂನಾಗಿತ್ತೆಂಬುದನ್ನು ಬಲ್ಲವರು ಆ ಮಾತಿನ ದನಿಯನ್ನು ತುಸು ತಗ್ಗಿಸುವುದು ಲೇಸು. ಕಣಗಿನಹಾಳದ ಹಿರಿಮೆಗೆ ಖಂಡದ ಅಳತೆಗೋಲು ಬೇಕಾಗಿಯೂ ಇಲ್ಲ. ಸರಕಾರದ ಕಾಗದವನ್ನು ಕಂಡರೆ ಜಪ್ತಿಯೆಂದೇ ಬೆದರುತ್ತಿದ್ದ ಕಾಲದಲ್ಲಿ, ಒಂದು ಹಳ್ಳಿಯ ಜನ ತಾವಾಗಿ ಸರಕಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆಂಬುದೇ ಸಾಕು.

ಅವರು ಹೆಬ್ಬೆಟ್ಟು ಒತ್ತಿದ ಕರಾರು ಸಾಮಾನ್ಯವಾದುದಲ್ಲ. 1904ರ ಕಾನೂನಿನ ಪ್ರಕಾರ ಹತ್ತು ಮಂದಿ ಸೇರಿದರೆ ಸಂಘವನ್ನು ಕಟ್ಟಬಹುದಾಗಿತ್ತು. ಗ್ರಾಮ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕು, ಮತ್ತು ಸದಸ್ಯರ ಹೊಣೆಗೆ ಮಿತಿಯಿರಕೂಡದು. ಎಂದರೆ ಸಂಘ ಮುಳುಗಿದರೆ ಸಂಘದ ಸಾಲಕ್ಕೆ ಪ್ರತಿಯೊಬ್ಬನ ಸರ್ವಸ್ವವೂ ಗುರಿ. ಒಬ್ಬನು ಎತ್ತು ಕೊಳ್ಳಲು ಸಾಲ ಕೇಳಿದರೆ, ಅವನು ನಿಜವಾಗಿ ಎತ್ತನ್ನೇ ಕೊಳ್ಳುವನೋ ಅಥವಾ ಮಗಳ ಮದುವೆಗೆ ಚಪ್ಪರ ಹಾಕಿಸುವನೋ ಎಂಬುದು ಓಣಿಯ ಪ್ರತಿಯೊಬ್ಬನ ಸ್ವಂತ ಚಿಂತೆಯಾಗುತ್ತಿತ್ತು. ಸಾಲಗಾರನ ಹೊಲದ ತೇವವೆಷ್ಟು, ಅವನ ಮಾತಿನ ತೂಕವೆಷ್ಟು, ಅವನ ಅಣ್ಣತಮ್ಮಂದಿರ ವ್ಯಾಜ್ಯ ಎಲ್ಲಿಗೆ ಬಂದಿದೆ ಎಂಬುದನ್ನು ಯಾವ ಸಾಹೇಬನಿಗೂ ತಿಳಿಯದಷ್ಟು ನಿಖರವಾಗಿ ಸಂಘದ ಪಂಚ ಕಮಿಟಿಯವರು ತಿಳಿದಿರುತ್ತಿದ್ದರು, ಏಕೆಂದರೆ ತಿಳಿಯದಿದ್ದರೆ ತಮ್ಮ ಹೊಲವೇ ಹೋದೀತು. ಈ ಕಠೋರವಾದ ನಿಯಮವನ್ನು ಸಂಬಳವಿಲ್ಲದೆ ನಡೆಸಿಕೊಂಡು ಬಂದವರು ಸಂಘದ ಕಾರ್ಯದರ್ಶಿಗಳು. ಊರ ಕುಲಕರ್ಣಿಯೋ ಸಾಲೆಯ ಮಾಸ್ತರನೋ ಆಗಿದ್ದ ಇಂಥವನು ಸಂಜೆ ಕಂದೀಲಿನ ಬೆಳಕಿನಲ್ಲಿ ರೋಕಡಿ ಬರೆದು, ಠರಾವು ಓದಿ ಹೇಳಿ, ವಾಯಿದೆ ಮೀರಿದವನ ಮನೆಯ ಕಟ್ಟೆಯ ಮೇಲೆ ಕುಳಿತು ಅವನಿಗೆ ಸಿಟ್ಟು ಬಾರದಂತೆ ಬಾಕಿ ಕೇಳುವ ವಿದ್ಯೆಯನ್ನು ಕಲಿತಿದ್ದನು. ಸಮುದಾಯಾಭಿವೃದ್ಧಿ ಎಂಬ ಹೆಸರಿನಲ್ಲಿ ಇಂದು ತರಬೇತಿ ಕೊಡುವ ಎಷ್ಟೋ ಸಂಗತಿಗಳು ಆ ಕಟ್ಟೆಯ ಮೇಲೆಯೇ ಹುಟ್ಟಿದವೆಂದು ನನ್ನ ಎಣಿಕೆ.

ಅದೇ 1905ರ ಅಕ್ಟೋಬರಿನಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿ ಪಟ್ಟಣ ಪತ್ತಿನ ಸಂಘವು ನೋಂದಣಿಯಾಯಿತು. ಮುಂದೆ 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋಆಪರೇಟಿವ್ ಬ್ಯಾಂಕು ಸ್ಥಾಪಿತವಾಗಿ ಈ ಸಣ್ಣ ಸಂಘಗಳಿಗೆ ಬೆನ್ನಾಸರೆ ದೊರೆಯಿತು. ಆದರೆ ಮನೆ ಕಟ್ಟುವ ಸಂಘ ಮಾತ್ರ ಆ ಮೊದಲ ವರ್ಷಗಳಲ್ಲಿ ಹುಟ್ಟಲಿಲ್ಲ, ಹುಟ್ಟುವಂತೆಯೂ ಇರಲಿಲ್ಲ. 1904ರ ಕಾನೂನು ಪತ್ತಿನ ಸಂಘಗಳನ್ನು ಮಾತ್ರ ಒಪ್ಪಿಕೊಂಡಿತ್ತು. ಮಾರಾಟ, ವಸತಿ ಮೊದಲಾದ ಇತರ ಉದ್ದೇಶಗಳಿಗೆ ಬಾಗಿಲು ತೆರೆದದ್ದು 1912ರ ಹೊಸ ಕಾನೂನು. ಮೈಸೂರು ಸಂಸ್ಥಾನದ 1905ರ ಕಾನೂನು ಈ ವಿಷಯದಲ್ಲಿ ಉದಾರವಾಗಿದ್ದುದರಿಂದ ಬೆಂಗಳೂರಿನಲ್ಲಿ 1909ರಷ್ಟು ಹಿಂದೆಯೇ ಬ್ಯಾಂಗಲೂರ್ ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿಯು ಜನ್ಮತಾಳಿತು. ಈ ದೇಶದ ಮೊತ್ತಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂಬ ಹೆಸರು ಅದಕ್ಕೆ ಸಂದಿದೆ.

ಮುಂಬಯಿ ಪ್ರಾಂತದಲ್ಲಿ ಆ ಕಾರ್ಯವನ್ನು ಕೈಗೊಂಡವರು ಕೆನರಾ ಕರಾವಳಿಯ ಮೂಲದ ಚಿತ್ರಾಪುರ ಸಾರಸ್ವತರು. 1896ರಲ್ಲಿ ಮುಂಬಯಿಗೆ ಹೊಕ್ಕ ಪ್ಲೇಗು ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ ಗದಗಗಳನ್ನೂ ಮುಟ್ಟಿ, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುವಂತೆ ಮಾಡಿತು. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ಮನೆಯೇ ರೋಗದ ಮನೆಯೆಂಬ ಅರಿವು ಮೂಡಿದ್ದು ಆ ವರ್ಷಗಳಲ್ಲಿ. ಮುಂಬಯಿಯ ಚಾಳುಗಳಲ್ಲಿ ವಾಸಿಸುತ್ತಿದ್ದ ತಮ್ಮ ಸಮಾಜದ ಗುಮಾಸ್ತರ ಪಾಡನ್ನು ಕಂಡ ರಾವ್‌ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಾಲಮಕಿಯವರು 1906ರ ಡಿಸೆಂಬರಿನಲ್ಲಿ ತಮ್ಮ ಗುರುಸಮಾನರಾದ ಶಾಮರಾವ್ ವಿಠಲರ ಹೆಸರಿನಲ್ಲಿ ಪತ್ತಿನ ಸಂಘವನ್ನು ತೆರೆದು, ಅದು ಬೇರೂರಿದ ಬಳಿಕ 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘವನ್ನು ಸ್ಥಾಪಿಸಿದರು. ಅನುಕ್ರಮವನ್ನು ವಾಚಕರು ಗಮನಿಸಬೇಕು: ಮೊದಲು ಪತ್ತು, ಎಂಟೊಂಬತ್ತು ವರ್ಷಗಳ ಅನಂತರ ಕಟ್ಟಡ. ಅವರು ಆಯ್ದ ಪದ್ಧತಿಯೂ ಮನನೀಯವಾದುದು. ಬೆಂಗಳೂರಿನ ಮಾದರಿಯಲ್ಲಿ ಸದಸ್ಯನು ಕೊನೆಗೆ ತನ್ನ ಮನೆಗೆ ತಾನೇ ಒಡೆಯನಾಗುವನು; ಗಾಮದೇವಿಯ ಮಾದರಿಯಲ್ಲಿ ಕಟ್ಟಡದ ಒಡೆತನ ಸಂಘದ್ದು, ಸದಸ್ಯನು ಪಾಲುದಾರನೂ ಹೌದು, ಬಾಡಿಗೆದಾರನೂ ಹೌದು. ಮೊದಲನೆಯದು ಮನುಷ್ಯನ ಸಹಜವಾದ ಆಸೆಯನ್ನು ತೃಪ್ತಿಪಡಿಸುತ್ತದೆ. ಎರಡನೆಯದು ಅವನ ಮಕ್ಕಳು ಮನೆಯನ್ನು ಮಾರಿ ಕುಳಿತುಕೊಳ್ಳದಂತೆ ಕಾಯುತ್ತದೆ. ಮುಂಬಯಿ ಸರಕಾರವು 1925ರಲ್ಲಿ ತನ್ನದೇ ಆದ ಸಹಕಾರ ಕಾನೂನನ್ನು ಮಾಡಿದಾಗ ಗೃಹನಿರ್ಮಾಣ ಸಂಘಗಳಿಗೆ ಪ್ರತ್ಯೇಕವಾದ ವರ್ಗವನ್ನು ಕಲ್ಪಿಸಿತು. ಧಾರವಾಡ ಜಿಲ್ಲೆಯೂ ಆ ಕಾನೂನಿನ ಕೆಳಗೇ ಬಂದಿತು.

ಬೆಟಗೇರಿಯ ನೇಕಾರನ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಅವನ ಮಗ್ಗ ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಅವನು ತುಳಿಯುತ್ತಾನೆ, ಮಗ್ಗುಲಲ್ಲಿ ಮನೆಯವಳು ಕಂಡಿಕೆ ಸುತ್ತುತ್ತಾಳೆ, ಮಕ್ಕಳು ಅಲ್ಲಿಯೇ ಮಲಗುತ್ತವೆ. ಬಾಡಿಗೆಯ ಮನೆಯ ಒಡೆಯನು ತನ್ನ ನೆಲದಲ್ಲಿ ಕುಣಿ ತೋಡಲು ಒಪ್ಪದಿದ್ದರೆ ನೇಕಾರನಿಗೆ ವಸತಿಯಷ್ಟೇ ಅಲ್ಲ, ಅಂದಿನ ಅನ್ನವೂ ತಪ್ಪಿತು. 1975ರಲ್ಲಿ ಸ್ಥಾಪಿತವಾದ ಕೈಮಗ್ಗ ಅಭಿವೃದ್ಧಿ ನಿಗಮವು ಮನೆ ಮತ್ತು ಮಗ್ಗದ ಕೋಣೆ ಕೂಡಿದ ವಸತಿಗಳನ್ನು ನಾಡಿನಲ್ಲಿ ಕಟ್ಟಿಸಲಾರಂಭಿಸಿದ್ದು ಈ ಸತ್ಯವನ್ನು ತಡವಾಗಿಯಾದರೂ ಒಪ್ಪಿಕೊಂಡಂತೆ.

ಏಕೀಕರಣದ ಬಳಿಕ 1959ರ ಸಹಕಾರ ಕಾನೂನು ಇಡಿಯ ರಾಜ್ಯಕ್ಕೆ ಒಂದೇ ಆಯಿತು. ಗದಗ ಸೀಮೆಯಲ್ಲಿ ಸಹಕಾರದ ಬಾವುಟವನ್ನು ಎತ್ತಿ ಹಿಡಿದವರಲ್ಲಿ ಹುಲಕೋಟಿಯ ಕೆ. ಎಚ್. ಪಾಟೀಲರ ಹೆಸರು ಎಲ್ಲರಿಗೂ ಗೊತ್ತಿದ್ದುದೇ. ನೂಲಿನ ಗಿರಣಿಯಿಂದ ಹಿಡಿದು ಸಾಲೆ ಆಸ್ಪತ್ರೆಗಳವರೆಗೆ ಒಂದು ಹಳ್ಳಿ ತನ್ನ ಸಂಘಬಲದಿಂದ ಏನನ್ನು ಪಡೆಯಬಹುದೆಂಬುದಕ್ಕೆ ಹುಲಕೋಟಿಯನ್ನು ತೋರಿಸುವ ವಾಡಿಕೆ ಇಂದಿಗೂ ಇದೆ. ಮನೆಗಳ ಭಾರವನ್ನಾದರೋ ಸರಕಾರವೇ ಹೊತ್ತುಕೊಂಡಿತು. ದೇವರಾಜ ಅರಸರ ಕಾಲದ ಜನತಾ ಮನೆಗಳು, 1991-92ರ ಆಶ್ರಯ ಯೋಜನೆ, 2000ದಲ್ಲಿ ಹುಟ್ಟಿದ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ, ಇವುಗಳ ದೆಸೆಯಿಂದ ಸ್ವಂತ ನೆಲ ಕಾಣದ ಲಕ್ಷಾಂತರ ಕುಟುಂಬಗಳು ಬಾಗಿಲು ಇರುವ ಮನೆಯನ್ನು ಕಂಡವು. ಇದನ್ನು ಹಗುರವಾಗಿ ಎಣಿಸುವವನು ಗುಡಿಸಲಿನಲ್ಲಿ ಒಂದು ಮಳೆಗಾಲ ಕಳೆದವನಲ್ಲ. ಇತ್ತ ರಾಜಧಾನಿಯಲ್ಲಿ ಗೃಹನಿರ್ಮಾಣ ಸಹಕಾರ ಸಂಘವೆಂಬ ಹೆಸರು ಪಡೆದ ಗತಿಯನ್ನು ಕುರಿತು ಹೆಚ್ಚು ಹೇಳುವುದು ಬೇಡ: ಜಿ. ವಿ. ಕೆ. ರಾವ್ ಸಮಿತಿಯು ಎಂಬತ್ತರ ದಶಕದಲ್ಲಿ ಅವುಗಳ ವ್ಯವಹಾರವನ್ನು ವಿಚಾರಿಸಬೇಕಾಗಿ ಬಂದಿತು, 1995ರಲ್ಲಿ ಎಚ್‌ಎಂಟಿ ನೌಕರರ ಸಂಘದ ಪ್ರಕರಣದಲ್ಲಿ ದಲ್ಲಾಳಿಗಳ ಕೈವಾಡವನ್ನು ಕಂಡ ಸರ್ವೋಚ್ಚ ನ್ಯಾಯಾಲಯವು ಭೂಸ್ವಾಧೀನವನ್ನೇ ಅಸಿಂಧುವೆಂದಿತು. ಒಬ್ಬರನ್ನೊಬ್ಬರು ಅರಿಯದವರು, ಒಬ್ಬರಿಗೊಬ್ಬರು ಹೊಣೆಯಾಗದವರು ಸಾವಿರಗಟ್ಟಲೆ ಸೇರಿದರೆ ಅದು ಸಂಘವಾಗುವುದಿಲ್ಲ, ನಿವೇಶನದ ಸರತಿಯಾಗುತ್ತದೆ.

ಇದೇ ಪಾಠವನ್ನು ಕರ್ನಾಟಕದ ಒಂದು ಸೇವಾಸಂಸ್ಥೆ ಬೇರೊಂದು ಮಾರ್ಗದಿಂದ ಕಲಿಯಿತು. ಮೈರಾಡ ಎಂಬ ಆ ಸಂಸ್ಥೆಯು 1968ರಲ್ಲಿ ಹುಟ್ಟಿದ್ದೇ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ. ಮುಂದೆ ಹಳ್ಳಿಗಳ ಬಡವರ ನಡುವೆ ದುಡಿಯತೊಡಗಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. 1984-85ರ ಹೊತ್ತಿಗೆ ಅವು ಒಡೆದವು. ಸಾಲವೆಲ್ಲ ಮುಳುಗಿತೆಂದು ಕಾರ್ಯಕರ್ತರು ಚಿಂತೆಯಲ್ಲಿದ್ದಾಗ, ಒಡೆದ ಸಂಘಗಳ ಸದಸ್ಯರು ತಮಗೆ ಹೊಂದಿಕೆಯಾದವರ ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಂಘಕ್ಕೆ ಕಟ್ಟಲಾರೆವು, ನಿಮಗೆ ಕಟ್ಟುತ್ತೇವೆ ಎಂದರು. ಆ ಸಣ್ಣ ಗುಂಪುಗಳೇ ಬೆಳೆದು, ನಬಾರ್ಡ್ ಸಂಸ್ಥೆಯ ಬೆಂಬಲ ಪಡೆದು, 1992ರಿಂದ ಬ್ಯಾಂಕುಗಳ ಬಾಗಿಲನ್ನು ಕಂಡ ಸ್ವಸಹಾಯ ಸಂಘಗಳಿಗೆ ಮಾದರಿಯಾದವು. ಇಂದು ಮುಂಡರಗಿ ತಾಲೂಕಿನ ಯಾವ ಹಳ್ಳಿಗೆ ಹೋದರೂ ಗುಡಿಯ ಕಟ್ಟೆಯ ಮೇಲೋ ಅಂಗನವಾಡಿಯ ಪಡಸಾಲೆಯಲ್ಲಿಯೋ ವಾರದ ಸಭೆ ನಡೆಸುವ ಹೆಣ್ಣುಮಕ್ಕಳ ಸಂಘಗಳು ಕಾಣಸಿಗುವುವು. ಇಪ್ಪತ್ತಕ್ಕೆ ಮೀರದ ಈ ಗುಂಪಿನಲ್ಲಿ ಪರಸ್ಪರ ಜಾಮೀನಿನ ತತ್ತ್ವವು, ಅಪರಿಮಿತ ಹೊಣೆಯೆಂಬ ಕಾನೂನಿನ ಭಯವಿಲ್ಲದೆಯೇ, ಮರಳಿ ಜೀವ ತಳೆದಿದೆ.

ಈಗ ಮನೆಗಳಿಗೆ ಬರೋಣ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ರೋಣ ನರಗುಂದ ತಾಲೂಕುಗಳ ಹಳ್ಳಿಗಳು ನೀರುಪಾಲಾದಾಗ, ಸರಕಾರವು ದಾನಿಗಳ, ಸೇವಾಸಂಸ್ಥೆಗಳ, ಕಂಪನಿಗಳ ಸಹಾಯದಿಂದ ಆಸರೆ ಯೋಜನೆಯನ್ನು ಕೈಗೊಂಡು, ಎತ್ತರದ ನೆಲದಲ್ಲಿ ಹೊಸ ಗ್ರಾಮಗಳನ್ನು ಕಟ್ಟಿಸಿತು. ಉದ್ದೇಶ ಉದಾತ್ತ, ವೇಗ ಮೆಚ್ಚತಕ್ಕದ್ದು. ಆದರೆ ಆ ಮನೆಗಳನ್ನು ಕಾಣುವ ಮೊದಲು ಈ ಸೀಮೆಯ ಹಳೆಯ ಮನೆಯ ರಚನೆಯನ್ನು ತಿಳಿಯಬೇಕು. ತಲೆಬಾಗಿಲು ದಾಟಿದೊಡನೆ ತಗ್ಗಿನ ನೆಲದಲ್ಲಿ ಎತ್ತುಗಳ ಗ್ವಾದಲಿ. ಒಂದೆರಡು ಮೆಟ್ಟಿಲು ಮೇಲಕ್ಕೆ ಕಂಬಗಳ ಪಡಸಾಲೆ. ಅದರಾಚೆ ಅಡಿಗೆಯ ಕೋಣೆ, ದೇವರ ಜಗಲಿ. ಜಂತಿಗಳ ಮೇಲೆ ಮಣ್ಣು ಬಿಗಿದು ಹೊದಿಸಿದ ಮಾಳಿಗೆ, ನಡುವೆ ಹೊಗೆ ಹೋಗುವುದಕ್ಕೂ ಬಿಸಿಲು ಬರುವುದಕ್ಕೂ ಒಂದೇ ಬೆಳಕಿಂಡಿ. ರಾತ್ರಿ ಎತ್ತು ಮೆಲುಕಾಡುವ ಸಪ್ಪಳ ಒಡೆಯನ ಕಿವಿಗೆ ಬೀಳುತ್ತಿರಬೇಕು. ಅದು ನಿಂತರೆ ಅವನಿಗೆ ಎಚ್ಚರವಾಗುತ್ತದೆ. ಹಿತ್ತಿಲಲ್ಲಿ ಕಣಕಿಯ ಬಣವೆ, ತುಸು ದೂರ ತಿಪ್ಪೆ. ಇಂತಹ ಒಕ್ಕಲುತನದ ಕುಟುಂಬವನ್ನು ತಂದು ಎರಡು ಕೋಣೆಗಳ ಸಿಮೆಂಟಿನ ಮನೆಯ ಮುಂದೆ ನಿಲ್ಲಿಸಿದರೆ, ಹುಟ್ಟುವ ಮೊದಲ ಪ್ರಶ್ನೆ ಒಂದೇ: ‘ಮನಿ ಚಲೋ ಐತ್ರಿ, ಎತ್ತು ಎಲ್ಲಿ ಕಟ್ಟೂದ್ರಿ?’ ಹಲವು ನವಗ್ರಾಮಗಳಲ್ಲಿ ಜನ ಹೊಸ ಮನೆಗಳ ಹಕ್ಕುಪತ್ರ ಪಡೆದೂ ಹಳೆಯ ಊರನ್ನು ಬಿಡದೆ ಇದ್ದುದಕ್ಕೆ ಅವರ ಮೊಂಡುತನವನ್ನು ದೂರಿದ ಅಧಿಕಾರಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲ. ದಾನಿಯ ಬಳಿ ಹಣವಿತ್ತು, ಇಂಜಿನಿಯರನ ಬಳಿ ನಕ್ಷೆಯಿತ್ತು. ಅವರಿಬ್ಬರ ನಡುವೆ ಕಟ್ಟೆಯ ಮೇಲೆ ಕುಳಿತು ಕೇಳುವ ಕಾರ್ಯಕರ್ತನಿಗೆ ಅವಕಾಶವಿದ್ದೆಡೆ ನಿವೇಶನದ ಹಿಂದೆ ದನಗಳಿಗೆ ಜಾಗ ಉಳಿಯಿತು, ಇಲ್ಲದೆಡೆ ಉಳಿಯಲಿಲ್ಲ.

ಸಿಂಗಟಾಲೂರಿನ ಪ್ರಕರಣ ಇದಕ್ಕಿಂತ ಜಟಿಲವಾದುದು. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ಹಮ್ಮಿಗಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಬ್ಯಾರೇಜು ಎದ್ದಿತು. ಒಣಬೇಸಾಯದ ನೆಲಕ್ಕೆ ಹೊಳೆಯ ನೀರು ಏರುವುದೆಂಬ ಆಸೆಯಲ್ಲಿ ಅನೇಕ ಊರುಗಳು ಹಿಗ್ಗಿದವು. ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರದಂತಹ ದಂಡೆಯ ಊರುಗಳಿಗೆ ಮಾತ್ರ ಹಿನ್ನೀರಿನ ಪಾಲು ಬಂದಿತು. ನೆರೆ ಬಂದು ಇಳಿಯುತ್ತದೆ, ಹಿನ್ನೀರು ಬಂದರೆ ಇಳಿಯುವುದಿಲ್ಲ. ನೆರೆಯ ಸಂತ್ರಸ್ತನಿಗೆ ಹೊಲ ಉಳಿದಿರುತ್ತದೆ, ಮುಳುಗಡೆಯವನಿಗೆ ಅದೂ ಇಲ್ಲ. ಅವನ ಮನೆಯ ಬೆಲೆಯನ್ನು ಗೋಡೆಯ ಅಳತೆಯಿಂದ ಕಟ್ಟುವರು, ಹೊಲದ ಬೆಲೆಯನ್ನು ನೋಂದಣಿ ಕಚೇರಿಯ ದರದಿಂದ ಕಟ್ಟುವರು. ದಂಡೆಯ ಮೆಕ್ಕಲು ಮಣ್ಣಿನಲ್ಲಿ ಬೇಸಗೆಯಲ್ಲಿಯೂ ಬೆಳೆಯುತ್ತಿದ್ದ ಕಾಯಿಪಲ್ಲೆಗೆ, ಮೀನಿಗೆ, ಹೊಳೆಯಲ್ಲಿ ಮೈತೊಳೆಯುವ ಎಮ್ಮೆಗೆ ಕಟ್ಟುವ ಬೆಲೆ ಯಾವ ಪಟ್ಟಿಯಲ್ಲಿಯೂ ಇಲ್ಲ. ಸ್ಥಳಾಂತರದ ಊರಿನಲ್ಲಿ ಯಾರ ಮಗ್ಗುಲಲ್ಲಿ ಯಾರ ನಿವೇಶನ ಬರಬೇಕೆಂಬುದೂ ಚಿಕ್ಕ ವಿಷಯವಲ್ಲ. ಚೀಟಿಯೆತ್ತಿ ಹಂಚಿದರೆ ನ್ಯಾಯವಾಗುವುದು ನಿಜ, ಆದರೆ ತಲೆಮಾರುಗಳಿಂದ ಒಂದೇ ಓಣಿಯಲ್ಲಿದ್ದು ಕೈಗಡ ಕೊಟ್ಟು ತಂದು ಮಾಡುತ್ತಿದ್ದ ನೆರೆಹೊರೆಯು ಊರಿನ ನಾಲ್ಕು ಮೂಲೆಗಳಿಗೆ ಚದುರುವುದು. ಮುದುಕಿಯೊಬ್ಬಳಿಗೆ ಹೊತ್ತು ಮುಳುಗುವ ವೇಳೆಗೆ ಒಂದು ಸೇರು ಜೋಳ ಕಡ ಹುಟ್ಟದಿದ್ದರೆ, ಅವಳ ಪಾಲಿಗೆ ಆ ಊರು ಊರೇ ಅಲ್ಲ. ಓಣಿಗೆ ಓಣಿಯನ್ನೇ ಕೂಡಿಸಿ ಎತ್ತಿಟ್ಟರೆ ಜಾಮೀನಿನ ಬಲವೂ ಜೊತೆಗೆ ಬರುತ್ತದೆ; ಬ್ಯಾಂಕಿನವರು ಇದನ್ನು ಪುನರ್ವಸತಿಯ ಅಧಿಕಾರಿಗಳಿಗಿಂತ ಬೇಗ ಮನಗಾಣುತ್ತಾರೆಂಬುದು ವಿಚಿತ್ರವಾದರೂ ಸತ್ಯ.

ಇಂದಿನ ವಸತಿ ಕಾರ್ಯಕರ್ತರ ಕೆಲಸವು ಬಹುತೇಕ ಕಾಗದದ ಕೆಲಸ. ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕೆಂದು ನಿಯಮವಿದೆ. ಸಭೆಯ ಡಂಗುರ ಎಲ್ಲ ಓಣಿಗಳಿಗೂ ಕೇಳಿಸುವಂತೆ ನೋಡಿಕೊಳ್ಳುವವರು ಇವರು. ಮಂಜೂರಾತಿ ಮನೆಯೊಡತಿಯ ಹೆಸರಿನಲ್ಲಿ ಬರುವುದು ವಾಡಿಕೆಯಾದುದರಿಂದ ಅವಳ ಹೆಸರು ಆಧಾರ್ ಚೀಟಿಯಲ್ಲೊಂದು, ರೇಷನ್ ಕಾರ್ಡಿನಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು ರೀತಿಯಾಗಿರುವುದನ್ನು ಸರಿಪಡಿಸಿಕೊಡಬೇಕು. ಇ-ಸ್ವತ್ತಿನ ನಮೂನೆ 9, ನಮೂನೆ 11 ಕೈಗೆ ಬರಬೇಕಾದರೆ ಅಜ್ಜನ ಹೆಸರಿನಲ್ಲಿಯೇ ಉಳಿದ ಜಾಗಕ್ಕೆ ವಾರಸಾ ಮಾಡಿಸಬೇಕು, ಅಣ್ಣತಮ್ಮಂದಿರನ್ನು ಒಂದೆಡೆ ಕೂಡಿಸಬೇಕು. ಇಷ್ಟಾದ ಮೇಲೆ ಕಾಮಗಾರಿಯ ಆದೇಶ. ಹಣವಾದರೂ ಕೂಡಲೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತವಾಗಿ, ಆಯಾ ಹಂತ ಮುಗಿದುದಕ್ಕೆ ಛಾಯಾಚಿತ್ರ ತೆಗೆದು ಜಿಪಿಎಸ್ ಗುರುತಿನೊಡನೆ ಏರಿಸಿದ ಬಳಿಕ, ಖಾತೆಗೆ ಜಮೆಯಾಗುವುದು. ಮುಂಡರಗಿ ಕಡೆಯ ಎರೆಯ ನೆಲವೋ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಗಟ್ಟಿ ಗರಸು ಸಿಗುವವರೆಗೆ ಅಗೆಯದೆ ಪಾಯ ಹಾಕಿದರೆ ಎರಡೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ. ಹೀಗೆ ಸರಕಾರದ ಮೊದಲ ಕಂತು ಬರುವ ಮುನ್ನವೇ ಅತಿ ಹೆಚ್ಚಿನ ಖರ್ಚು ನೆಲದೊಳಗೆ ಹೋಗುವುದು. ಆ ಹಣ ಮುಂಗಡವಾಗಿ ದೊರೆಯದಿದ್ದಾಗ ಅದನ್ನು ಹೆಣ್ಣುಮಕ್ಕಳ ಸಂಘವು ತನ್ನ ವಾರದ ಸಭೆಯಲ್ಲಿ, ಇಬ್ಬರ ಜಾಮೀನು ಪಡೆದು, ಠರಾವಿನ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತದೆ. ಮೊದಲ ಕಂತು ಜಮೆಯಾದ ವಾರವೇ ಆ ಸಾಲ ಸಂಘಕ್ಕೆ ಮರಳಿ, ಸರತಿಯಲ್ಲಿರುವ ಮುಂದಿನವಳ ಪಾಯಕ್ಕೆ ಹೋಗುತ್ತದೆ.